ತಾತನ ಕೋವಿ, ಚಿಕ್ಕಪ್ಪನ ಕರಡಿ

ಮೊನ್ನೆ ವೀಕೆಂಡ್ ಊರಿಗೆ ಹೋಗಿದ್ದೆ. ಶನಿವಾರ ರಾತ್ರಿ ಮುದ್ದೆ ಉಪ್ಸಾರು ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಚಿಕ್ಕಪ್ಪ ಮತ್ತೆ ಅದೇ ಮಾತು ತೆಗೆದರು.

"ಏನ್ ಮಾಡ್ದೆ ಮಗ ಆ ವಿಚಾರ? ಲೈಸೆನ್ಸು ನಿನ್ ಹೆಸ್ರಿಗೆ ಮಾಡಿಸ್ಕತೀಯೋ ಇಲ್ವೋ?"

ಎರಡು ವರ್ಷದಿಂದ ಪ್ರತಿ ಸಲ ಊರಿಗೆ ಹೋದಾಗಲೂ ಇದೇ ಪ್ರಶ್ನೆ. ನಾನೂ ಪ್ರತಿ ಸಲ "ನೋಡಣ ಚಿಕ್ಕಪ್ಪ, ರಿಲೀಸ್ ಮುಗೀಲಿ" ಅಂತ ತಪ್ಪಿಸಿಕೊಳ್ಳುತ್ತಿದ್ದೆ. ನಮ್ಮ ಪ್ರಾಜೆಕ್ಟಿನ ರಿಲೀಸು ಯಾವತ್ತು ಮುಗಿದಿದೆ ಹೇಳಿ :)

ಲೈಸೆನ್ಸು ಅಂದರೆ ಡ್ರೈವಿಂಗ್ ಲೈಸೆನ್ಸಲ್ಲ, ಕೋವಿದು. ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ತಾತನ ಕಾಲದ್ದು. 2016ರಲ್ಲಿ ತಾತ ಹೋದ ಮೇಲೆ ಚಿಕ್ಕಪ್ಪನ ಹೆಸರಿಗೆ ಬಂತು. "ಇದೆ" ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಸದ್ಯಕ್ಕೆ ಅದು ಪೊಲೀಸ್ ಠಾಣೆಯಲ್ಲಿದೆ. ಯಾಕೆ ಅಂತ ಹೇಳ್ತೀನಿ.

ನಮ್ಮೂರು ಮಾಗಡಿಗೂ ರಾಮನಗರಕ್ಕೂ ನಡುವೆ. ಮನೆ ಹಿಂದೆ ನಿಂತರೆ ಸಾವನದುರ್ಗದ ಬಂಡೆ ಕಾಣುತ್ತೆ. ಬೆಂಗಳೂರಿನವರು ವೀಕೆಂಡ್ ಟ್ರೆಕ್ಕಿಂಗ್ ಅಂತ ಬರುವ ಅದೇ ಸಾವನದುರ್ಗ, ಅವರು "ಶೋಲೆ ಬೆಟ್ಟ" ಅಂತ ಫೋಟೋ ಹಾಕುವ ಅದೇ ರಾಮದೇವರ ಬೆಟ್ಟ. ನಮಗೆ ಮಾತ್ರ ಅವು ಕರಡಿ ಗುಡ್ಡಗಳು. ಬಂಡೆಯ ಮೇಲೆ ಬಂಡೆ ಬಿದ್ದು ಆಗಿರುವ ಗವಿಗಳು, ಸುತ್ತ ಕುರುಚಲು ಕಾಡು, ಹುತ್ತ, ಕಾರೆ, ಬಾರೆ, ನೇರಳೆ... ಕರಡಿಗೆ ಇನ್ನೇನು ಬೇಕು? ಕನಕಪುರದ ಕಡೆ ಹೋದರೆ ಆನೆ ಕಾಟ, ಚನ್ನಪಟ್ಟಣದ ತೆಂಗಿನಕಲ್ಲು ಕಾಡಿನ ಪಕ್ಕದವರಿಗೂ ಆನೆ ಕಾಟ. ಚಿರತೆಯಂತೂ ಎಲ್ಲ ತಾಲ್ಲೂಕಿಗೂ ಸಾಮಾನ್ಯ. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಕರಡಿಗಳಿಗೆ ಇನ್ನೂ ವಿಷಯ ಗೊತ್ತಾಗಿಲ್ಲ ಅನ್ನಿಸುತ್ತೆ, ರಾಜಧಾನಿಯವರಿಗೆ ಹೆದರಿದ ಹಾಗೆ ಕಾಣಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ.

2023ರ ಏಪ್ರಿಲ್ ಕೊನೆ ವಾರ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು: ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಅದು ತಿನ್ನೋದನ್ನ ನೋಡಬೇಕು ನೀವು. ರಾತ್ರಿ ಮನೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು. ಆ ವಾರ ಸೊಪ್ಪು ತಪ್ಪಿದರೆ ಗೂಡು ಕೈಗೆ ಬರಲ್ಲ. ಬಿಸಿಲೇರುವ ಮುಂಚೆ ಕೊಯ್ದ ಸೊಪ್ಪೇ ಆಗಬೇಕು, ಬಾಡಿದ್ದು ಆಗಲ್ಲ. ಹಾಗಾಗಿ ಚಿಕ್ಕಪ್ಪ ಐದೂವರೆಗೇ, ಇನ್ನೂ ಕತ್ತಲಿರುವಾಗ, ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೊರಟರು.

ಹಿಪ್ಪುನೇರಳೆ ತೋಟದ ಕೊನೆಗೆ, ಗುಡ್ಡದ ಕಡೆ ಬದುವಿನ ಮೇಲೆ ಒಂದು ಹಲಸಿನ ಮರ. ಮಿಕ್ಕಿದ್ದನ್ನ ಅವರ ಬಾಯಲ್ಲೇ ಕೇಳಿ:

"ಏನೋ ಗೊರಕೆ ಹೊಡ್ದಂಗೆ ಸದ್ದಾಯ್ತಿತ್ತು ಮಗ. ಯಾರೋ ಕುಡ್ದು ಮನಗವ್ನೆ ಅನ್ಕಂಡೆ. ಒಂದೆರಡು ಮಾರು ದೂರ ಅಷ್ಟೇಯ. ಕೆಮ್ಮಿದೆ. ಅಷ್ಟೇ ನಾನ್ ಮಾಡಿದ್ದು. ಎದ್ ನಿಂತ್ಕತು ನೋಡು... ಆಮೇಲೆ ನಂಗೆ ಗ್ಯಾಪಕ ಇಲ್ಲ."

ಪಕ್ಕದ ಹೊಲದವರು ಕೂಗಾಟ ಕೇಳಿ ಓಡಿ ಬಂದರು. ಕರಡಿ ಆಗಲೇ ಗುಡ್ಡ ಹತ್ತಿತ್ತು. ಎಲ್ಲ ಸೇರಿ ಅರ್ಧ ನಿಮಿಷ ಆಗಿರಬಹುದು. ನೆತ್ತಿಯ ಚರ್ಮ ಕಿತ್ತು ಬಂದಿತ್ತು. ಎಡಗಣ್ಣು ಹೋಯ್ತು. ಕೆನ್ನೆಯಿಂದ ದವಡೆವರೆಗೆ ಹೊಲಿಗೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಕರಡಿ ಮುಖಕ್ಕೇ ಹಾಕುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೆ, ಆದರೆ ಬ್ಯಾಂಡೇಜು ಬಿಚ್ಚಿದ ದಿನ ನಾನು ಆಚೆ ಕಾರಿಡಾರಿಗೆ ಹೋಗಿ ನಿಂತುಬಿಟ್ಟೆ. ಇದನ್ನ ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ.

ಆ ದಿನ ಕೋವಿ ಮನೆಯಲ್ಲಿರಲಿಲ್ಲ. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು. ಚುನಾವಣೆ ಬಂತು ಅಂದರೆ ಲೈಸೆನ್ಸ್ ಇರೋರು ಕೋವಿ ತಗೊಂಡು ಹೋಗಿ ಠಾಣೆಗೆ ಕೊಟ್ಟು ರಶೀದಿ ತರಬೇಕು, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರೋ ಸಂಗತಿ. ಚಿಕ್ಕಪ್ಪನೂ ಏಪ್ರಿಲ್ ಮೊದಲಲ್ಲೇ ಕೊಟ್ಟು ಬಂದಿದ್ದರು.

ಅಲ್ಲಿಂದ ಶುರುವಾಯ್ತು ನಮ್ಮ ಮನೆಯ ದೊಡ್ಡ "ಇದ್ದಿದ್ದರೆ". ಕೋವಿ ಇದ್ದಿದ್ದರೆ ಕಣ್ಣು ಉಳೀತಿತ್ತು. ಆಸ್ಪತ್ರೆಗೆ ನೋಡೋಕೆ ಬಂದವರೆಲ್ಲ ಇದನ್ನೇ ಹೇಳಿದರು. ನಾನೂ ಹೇಳಿದೆ. ಅಪ್ಪನಂತೂ ಎಲೆಕ್ಷನ್ನನ್ನೇ ಬೈದುಕೊಂಡು ವೋಟು ಹಾಕಿ ಬಂದರು.

ನಮ್ಮ ಕೆಲಸದಲ್ಲಿ ಪ್ರೊಡಕ್ಷನ್‌ನಲ್ಲಿ ಏನಾದ್ರೂ ಬಿದ್ದರೆ ಆಮೇಲೆ ಕೂತು ಯಾಕೆ ಬಿತ್ತು ಅಂತ ಒಂದೊಂದೇ ಹೆಜ್ಜೆ ಬರೆಯಬೇಕು. ಅದು ಚಟ ಆಗಿಬಿಟ್ಟಿದೆ. ಚುನಾವಣೆ ಮುಗಿದು ಕೋವಿ ವಾಪಸ್ ಬಂದ ಮೇಲೆ, ಚಿಕ್ಕಪ್ಪನೂ ಓಡಾಡುವಂತಾದ ಮೇಲೆ, ದಸರಾ ರಜೆಯಲ್ಲಿ ಒಂದು ದಿನ ಕೇಳಿದೆ: "ಚಿಕ್ಕಪ್ಪ, ಅಟ್ಟದಿಂದ ಇಳಿಸಿ ಹೊಡೆಯೋಕೆ ರೆಡಿ ಆಗೋಕೆ ಎಷ್ಟೊತ್ತು ಬೇಕು, ಒಂದ್ಸಲ ಮಾಡಿ ತೋರಿಸ್ತೀರಾ?" ಅವರಿಗೂ ಖುಷಿ. ಮದ್ದು ಗಿದ್ದು ಇಲ್ಲ, ಬರೀ ನಟನೆ. ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಅಟ್ಟದಿಂದ ಇಳಿಸಿ, ನಳಿಗೆಗೆ ಅಳತೆ ಮದ್ದು ಸುರಿದಂತೆ ಮಾಡಿ, ಬಟ್ಟೆ ಚಿಂದಿ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಚಿಂದಿ, ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಿ ಕುದುರೆ ಎಳೆಯೋಕೆ ಒಂದು ನಿಮಿಷ ಹತ್ತು ಸೆಕೆಂಡು.

ಕರಡಿ ಇದ್ದದ್ದು ಎರಡು ಮಾರು ದೂರ. ಒಂದು ಮಾರು ಅಂದರೆ ಎರಡು ಕೈ ಚಾಚಿದಷ್ಟು. ದಪ್ಪ, ಸೋಮಾರಿ ಥರ ಕಂಡರೂ ಕರಡಿ ಮನುಷ್ಯನಿಗಿಂತ ಜೋರಾಗಿ ಓಡುತ್ತೆ. ಎರಡು ಮಾರಿಗೆ ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಓದಬೇಕಿಲ್ಲ.

"ಮದ್ದು ತುಂಬಿಟ್ಕಂಡೇ ಹೋಗ್ತಿದ್ದೆ ಬಿಡು" ಅಂದರು ಚಿಕ್ಕಪ್ಪ. ಸರಿ, ಹಾಗೇ ಅಂದುಕೊಳ್ಳೋಣ. ಒಂದು ಹೆಗಲಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಜಡಿದ ಕೋವಿ, ಕೈಯಲ್ಲಿ ಕುಡುಗೋಲು, ಕತ್ತಲು. ಗೊರಕೆ ಸದ್ದು ಕರಡಿದು ಅಂತ ಅವರಿಗೆ ಗೊತ್ತಾಗಿದ್ದೇ ಅದು ಎದ್ದು ನಿಂತ ಮೇಲೆ. ಇಷ್ಟೆಲ್ಲ ಆಗಿ ಗುರಿ ಸಿಕ್ಕರೂ ಇರೋದು ಒಂದೇ ಈಡು.

ಆ ಒಂದೇ ಈಡಿನ ಕಥೆ ಇನ್ನೊಂದಿದೆ. ಅದು ನನಗೆ ಗೊತ್ತಾಗಿದ್ದೇ ಈ ಗಲಾಟೆಯಿಂದ.

ಊರಲ್ಲಿ ತಾತನಿಗೆ "ಕರಡಿ ಹೊಡೆದ ಗೌಡ್ರು" ಅಂತ ಹೆಸರು. ಸ್ಕೂಲಿನಲ್ಲಿ ನಾನೂ ಇದನ್ನೇ ಹೇಳಿಕೊಂಡು ಮೆರೆದಿದ್ದೆ. ತೇಜಸ್ವಿಯವರು ಕೆನೆತ್ ಆಂಡರ್ಸನ್ ಕಥೆಗಳನ್ನ ಕನ್ನಡಕ್ಕೆ ತಂದರಲ್ಲ, ಆ "ಕಾಡಿನ ಕಥೆಗಳು" ಸರಣಿಯಲ್ಲಿ "ಮುನಿಶಾಮಿ ಮತ್ತು ಮಾಗಡಿ ಚಿರತೆ" ಅಂತ ಒಂದು ಪುಸ್ತಕ. ನಮ್ಮ ತಾಲ್ಲೂಕಿನ ಹೆಸರು ಪುಸ್ತಕದ ಮುಖಪುಟದ ಮೇಲೆ! ಬೇಸಿಗೆ ರಜೆಯಲ್ಲಿ ಅದನ್ನ ಎಷ್ಟು ಸಲ ಓದಿದ್ದೆನೋ. ಓದಿ ಮುಗಿಸಿದ ಮೇಲೆ ಅಟ್ಟದ ಮೇಲಿನ ಕೋವಿ ನೋಡಿ, ನಮ್ಮ ತಾತನೂ ಆಂಡರ್ಸನ್ ಥರಾನೇ ಅಂತ ಅಂದುಕೊಂಡಿದ್ದೆ.

ದಸರಾ ರಜೆಯ ಆ ಸ್ಟಾಪ್‌ವಾಚ್ ನಾಟಕವನ್ನ ಅಜ್ಜಿ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ನೋಡುತ್ತಿದ್ದರು. ರಾತ್ರಿ ಎಲ್ಲ ಮಲಗಿದ ಮೇಲೆ ನನ್ನ ಹತ್ತಿರ ಬಂದು ಕೂತರು.

"ನಿಮ್ ತಾತ ಕರಡಿ ಕೊಂದಿಲ್ಲ ಕಣ್ ಮಗ" ಅಂದರು.

ಶೋಲೆ ಶೂಟಿಂಗಿನವರು ರಾಮನಗರಕ್ಕೆ ಬರೋಕೂ ಮುಂಚಿನ ಮಾತು, ಅಪ್ಪ ಇನ್ನೂ ಎದೆಹಾಲು ಕುಡಿಯುತ್ತಿದ್ದ ಕಾಲ. ಅಂದರೆ 1970ರ ಆಸುಪಾಸು. ಬೆಳದಿಂಗಳ ರಾತ್ರಿ, ಇದೇ ಬದುವಿನ ಹಲಸಿನ ಮರಕ್ಕೆ ಕರಡಿ ಬಂದಿದೆ. ತಾತ ಅಟ್ಟಣೆ ಮೇಲಿಂದ ಈಡು ಹೊಡೆದಿದ್ದಾರೆ. ಕರಡಿ ಅರಚಿಕೊಂಡು ಗುಡ್ಡದ ಕಡೆ ಓಡಿದೆ. ಬೆಳಿಗ್ಗೆ ನೋಡಿದರೆ ರಕ್ತ. ಊರೆಲ್ಲ ಸೇರಿ "ಎಲ್ಲೋ ಗವಿಯಲ್ಲಿ ಸತ್ತಿರುತ್ತೆ" ಅಂತ ತೀರ್ಮಾನ ಮಾಡಿ, ಅವತ್ತಿನಿಂದ ತಾತ ಕರಡಿ ಹೊಡೆದ ಗೌಡ್ರು ಆದರು. ಮೂರನೇ ದಿನ ಗುಡ್ಡದ ತಪ್ಪಲಲ್ಲಿ ಕುರಿ ಕಾಯುತ್ತಿದ್ದ ಪಕ್ಕದೂರಿನ ಹುಡುಗನ ಮೇಲೆ ಒಂದು ಕರಡಿ ಬಿತ್ತು. ಕುಂಟುತ್ತಿದ್ದ ಕರಡಿ. ಹುಡುಗ ಉಳಿಯಲಿಲ್ಲ.

"ಯಾರೂ ನಿಮ್ ತಾತನ್ನ ಏನೂ ಅನ್ನಲಿಲ್ಲ. ಅವ್ರೇ ಅನ್ಕತಿದ್ರು. ಆ ಹುಡ್ಗನ ಮನೆಗೆ ಸಾಯೋಗಂಟ ರಾಗಿ ಕಳಿಸ್ತಿದ್ರು, ನಿಂಗೆ ಗೊತ್ತಿಲ್ಲ. ಅವತ್ತಿಂದ ಹೊಡುದ್ರೆ ಆಕಾಸಕ್ಕೇಯ."

ನನಗೆ ಥಟ್ಟಂತ ನೆನಪಾಯ್ತು. ಪ್ರತಿ ಸುಗ್ಗಿಯಲ್ಲೂ ಒಂದು ಮೂಟೆ ರಾಗಿ ಗಾಡಿಗೆ ಹಾಕಿಸಿ ಎಲ್ಲೋ ಕಳಿಸುತ್ತಿದ್ದರು. ಮಠಕ್ಕೆ ಅಂತ ನಾನು ತಿಳಿದಿದ್ದೆ.

ಆಂಡರ್ಸನ್ ಬರೆದ ಅರಸೀಕೆರೆಯ ಕರಡಿಯ ಕಥೆ ನೀವೂ ಓದಿರಬಹುದು. ನಾಗವಾರ ಗುಡ್ಡದ ಆ ಒಂದು ಕರಡಿ ಹನ್ನೆರಡು ಜನರನ್ನ ಕೊಂದು, ಇನ್ನೂ ಇಪ್ಪತ್ತು ಚಿಲ್ಲರೆ ಜನರ ಮುಖ ಮೂತಿ ಹರಿದು ಹಾಕಿತ್ತು. ಕೊನೆಗೆ ಆಂಡರ್ಸನ್ನೇ ಅದನ್ನ ಹೊಡೆದರು. ಚಿಕ್ಕವನಿದ್ದಾಗ ಆ ಕಥೆಯಲ್ಲಿ ನನಗೆ ಕಂಡಿದ್ದು ರೈಫಲ್ ಒಂದೇ. ಈಗ ಯೋಚಿಸಿದರೆ, ಅಷ್ಟು ಅನುಭವದ ಶಿಕಾರಿ, ಒಳ್ಳೇ ರೈಫಲ್ಲು, ಟಾರ್ಚು ಎಲ್ಲ ಇದ್ದು, ಕರಡಿಯನ್ನೇ ಹುಡುಕಿಕೊಂಡು ಹೊರಟರೂ ಮೊದಲ ಸಲಕ್ಕೇ ಸಿಗಲಿಲ್ಲ. ಸೊಪ್ಪು ಕೊಯ್ಯೋಕೆ ಹೋದವನ ಪಾಡು ಬೇರೆ. ಅವನು ಕರಡಿ ಹುಡುಕಿಕೊಂಡು ಹೋಗಿರಲ್ಲ.

ಒಂದು ಚಿಕ್ಕ ಸೈಡ್ ಟ್ರ್ಯಾಕ್. ನಮ್ಮ ಕರಡಿಗೆ ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಅಂತಾರೆ. 1791ರಲ್ಲಿ ಜಾರ್ಜ್ ಶಾ ಅನ್ನೋ ವಿಜ್ಞಾನಿ ಇದರ ಉದ್ದ ಉಗುರು ನೋಡಿ, ದಕ್ಷಿಣ ಅಮೆರಿಕಾದಲ್ಲಿ ಮರಕ್ಕೆ ನೇತಾಡೋ ಸ್ಲಾತ್ ಜಾತಿಗೆ ಇದನ್ನ ಸೇರಿಸಿಬಿಟ್ಟ. ಆಮೇಲೆ ಇದು ಕರಡಿ ಅಂತ ಗೊತ್ತಾದರೂ ಹೆಸರು ಮಾತ್ರ ಹಾಗೇ ಉಳೀತು. ಯಾರೋ ತಪ್ಪಾಗಿ ಇಟ್ಟ ವೇರಿಯಬಲ್ ಹೆಸರನ್ನ ಇನ್ನೂರು ವರ್ಷ ಯಾರೂ ಬದಲಾಯಿಸದೆ ಬಿಟ್ಟ ಹಾಗೆ. ನಮ್ಮ ಕೋಡಿನಲ್ಲೂ ಇಂಥವು ಬೇಕಾದಷ್ಟಿವೆ.

ಆ ಉಗುರು ಇರೋದು ಹುತ್ತ ಬಗೆಯೋಕೆ. ಮೇಲಿನ ಎರಡು ಮುಂಹಲ್ಲು ಇಲ್ಲ, ಆ ಸಂದಿಯಿಂದ ಗೆದ್ದಲನ್ನ ಜೋರಾಗಿ ಹೀರುತ್ತೆ. ಹೀರೋ ಸದ್ದು ನೂರು ಮೀಟರಿನಾಚೆಗೂ ಕೇಳುತ್ತಂತೆ. ಹೊಟ್ಟೆ ತುಂಬಿಸೋ ಗಲಾಟೆಯಲ್ಲಿ ಯಾರು ಬಂದರು ಅಂತ ಅದಕ್ಕೆ ಗೊತ್ತೇ ಆಗಲ್ಲ. ಹತ್ತಿರ ಹೋದಾಗ ಥಟ್ಟನೆ ಬೆಚ್ಚಿ ಬೀಳುತ್ತೆ. ಹುಲಿ ಇರೋ ಕಾಡಿನಲ್ಲಿ ಬೆಳೆದು ಬಂದ ಪ್ರಾಣಿ, ಓಡೋದಕ್ಕಿಂತ ಮೇಲೆ ಬೀಳೋದೇ ಅದರ ಅಭ್ಯಾಸ ಅಂತಾರೆ ತಿಳಿದವರು. ಬೆನ್ನ ಮೇಲೆ ಮರಿ ಇದ್ದರಂತೂ ಕೇಳೋದೇ ಬೇಡ. ಚಿಕ್ಕಪ್ಪ ಮಾಡಿದ್ದು ಒಂದೇ ತಪ್ಪು, ಕೆಮ್ಮಿದ್ದು. ಅಲ್ಲ, ತಪ್ಪು ಕೆಮ್ಮಿದ್ದಲ್ಲ. ತಡವಾಗಿ ಕೆಮ್ಮಿದ್ದು.

ಇದನ್ನ ನಾನು ಕಲಿತದ್ದು ಊರಲ್ಲಲ್ಲ, ನಾಚಿಕೆಯ ವಿಷಯ. ಚಿಕ್ಕಪ್ಪನಿಗೆ ಹೀಗಾಗೋಕೆ ಹಿಂದಿನ ವರ್ಷ, 2022ರಲ್ಲಿ, ಆರು ತಿಂಗಳು ಸಿಯಾಟಲ್‌ನಲ್ಲಿ ಆನ್‌ಸೈಟ್ ಇದ್ದೆ. ಒಂದು ಲಾಂಗ್ ವೀಕೆಂಡಿಗೆ ಟೀಮಿನವರ ಜೊತೆ ಮಾಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿಗೆ ಹೋಗಿದ್ವಿ. ಅಲ್ಲಿ ಗ್ರಿಜ್ಲಿ ಕರಡಿ ಇದೆ. 2010ರಿಂದ ಆ ದೇಶದ ನ್ಯಾಷನಲ್ ಪಾರ್ಕುಗಳಿಗೆ ಅಲ್ಲಲ್ಲಿನ ರಾಜ್ಯದ ಕಾನೂನಿನ ಪ್ರಕಾರ ಗನ್ ತಗೊಂಡು ಹೋಗಬಹುದು. ಆದರೂ ನಮ್ಮ ಜೊತೆಗಿದ್ದ ಅಲ್ಲಿನ ಸಹೋದ್ಯೋಗಿ, ಮನೆಯಲ್ಲಿ ಮೂರು ಗನ್ ಇಟ್ಟುಕೊಂಡವನು, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದು ಒಂದು ಮೆಣಸಿನಕಾಯಿ ಸ್ಪ್ರೇ ಡಬ್ಬಿ. ಬೇರ್ ಸ್ಪ್ರೇ ಅಂತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಕಂಡರೆ ಅಲ್ಲಿನ ಕರಡಿಗಳು ದೇಶ ಬಿಟ್ಟು ಓಡುತ್ವೆ ಅಂತ ನಾನು ಜೋಕ್ ಮಾಡಿದ್ದೆ. ಯಾರೂ ನಗಲಿಲ್ಲ. ದಾರಿಯುದ್ದಕ್ಕೂ, ತಿರುವು ಬಂದಾಗಲೆಲ್ಲ, ಅವನು ಚಪ್ಪಾಳೆ ತಟ್ಟಿ "ಹೇ ಬೇರ್! ಹೇ ಬೇರ್!" ಅಂತ ಕೂಗುತ್ತಿದ್ದ. ಹುಚ್ಚನ ಥರ ಕಂಡ. ಕರಡಿಗೆ "ನಾವು ಬರ್ತಿದ್ದೀವಿ" ಅಂತ ಮೊದಲೇ ಹೇಳೋದು ಅಂತ ವಿವರಿಸಿದ.

ಚಿಕ್ಕಪ್ಪನ ಗಾಯ ಆದ ಮೇಲೆ ಇದೆಲ್ಲ ನೆನಪಾಗಿ ಓದೋಕೆ ಕೂತೆ. ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಕರಡಿ ಮತ್ತು ಗನ್ ಎರಡೂ ಇದ್ದ 269 ಘಟನೆಗಳನ್ನ ಟಾಮ್ ಸ್ಮಿತ್ ಮತ್ತು ಜೊತೆಯವರು ಒಟ್ಟು ಹಾಕಿ 2012ರಲ್ಲಿ ಪ್ರಕಟಿಸಿದ್ದಾರೆ. ಕೈಪಿಸ್ತೂಲು ನೂರಕ್ಕೆ 84 ಸಲ, ಉದ್ದ ಕೋವಿ 76 ಸಲ ಕರಡಿಯನ್ನ ತಡೆದಿದೆ. ಪರವಾಗಿಲ್ವಲ್ಲ ಅನ್ನಿಸುತ್ತೆ. ಆದರೆ ಗಾಯದ ಲೆಕ್ಕ ನೋಡಿದರೆ ಗನ್ ಹಾರಿಸಿದವರಿಗೂ, ಇದ್ದೂ ಹಾರಿಸದವರಿಗೂ ವ್ಯತ್ಯಾಸ ಇಲ್ಲ. ಯಾಕೆ ಕೆಲಸ ಮಾಡಲಿಲ್ಲ ಅನ್ನೋ ಕಾರಣಗಳನ್ನ ಓದಿ ಬೆಚ್ಚಿದೆ: ಹೊತ್ತು ಸಿಗಲಿಲ್ಲ, ಕರಡಿ ತೀರಾ ಹತ್ತಿರ ಇತ್ತು, ಗುರಿ ತಪ್ಪಿತು, ಗುಂಡು ಖಾಲಿಯಾಗಿ ಮತ್ತೆ ತುಂಬೋಕೆ ಆಗಲಿಲ್ಲ, ಕೋವಿ ಸಿಕ್ಕಿಕೊಂಡಿತು. ಒಳ್ಳೊಳ್ಳೇ ರೈಫಲ್ ಇಟ್ಟುಕೊಂಡವರ ಕಥೆ ಇದು. ಅದೇ ಗುಂಪಿನವರು 2008ರಲ್ಲಿ ಸ್ಪ್ರೇ ಬಗ್ಗೆ ಬರೆದದ್ದರಲ್ಲಿ, ಹತ್ತಿರದಿಂದ ಸ್ಪ್ರೇ ಹೊಡೆದವರಲ್ಲಿ ನೂರಕ್ಕೆ 98 ಜನ ಗಾಯ ಇಲ್ಲದೆ ಪಾರು. ಎರಡೂ ಒಂದೇ ಥರದ ಡೇಟಾ ಅಲ್ಲ, ಪಕ್ಕ ಪಕ್ಕ ಇಟ್ಟು ಹೋಲಿಸೋದು ಅಷ್ಟು ಸರಿಯಲ್ಲ ಅಂತ ತಕರಾರು ಇದೆ, ಅದು ನನಗೂ ಸರಿ ಅನ್ನಿಸುತ್ತೆ. ಮೇಲಾಗಿ ಅವು ಬೇರೆ ಕರಡಿಗಳು. ಆದರೆ "ಹೊತ್ತು ಸಿಗಲಿಲ್ಲ" ಅನ್ನೋದು ಮಾತ್ರ ಅಲಾಸ್ಕಾಗೂ ನಮ್ಮ ಹಲಸಿನ ಮರಕ್ಕೂ ಒಂದೇ.

ಇನ್ನು ಕಾನೂನು. ಚಿಕ್ಕಪ್ಪನಿಗೆ ಹೇಳೋಕೆ ಅಂತಾನೇ ಇದನ್ನೂ ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ, ನಿಜವಾಗಿ ಬೆಳೆ ಕಾಯೋಕೆ ಬೇಕು ಅಂದವರಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅನ್ನುತ್ತೆ. ತಾತನ ಕೋವಿ ಆ ಬಾಗಿಲಿಂದ ಬಂದದ್ದು. ಹದಿಮೂರು ವರ್ಷ ಆದ ಮೇಲೆ 1972ರ ವನ್ಯಜೀವಿ ಕಾಯ್ದೆ ಬಂತು, ಕರಡಿ ಅದರ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರೋ ಪಟ್ಟಿ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಅಂದರೆ ಒಂದು ಕಾಯ್ದೆ ಕೋವಿ ಕೊಡುತ್ತೆ, ಇನ್ನೊಂದು ಹೊಡೀಬೇಡ ಅನ್ನುತ್ತೆ. ಎರಡು ಟೀಮು ಒಬ್ಬರನ್ನೊಬ್ಬರು ಕೇಳದೆ ಬರೆದ ಎರಡು ಮಾಡ್ಯೂಲು!

ಪ್ರಾಣಕ್ಕೆ ಬಂದಾಗ? ಅದಕ್ಕೂ ದಾರಿ ಇದೆ. 11ನೇ ಸೆಕ್ಷನ್ನಿನ ಎರಡನೇ ಉಪವಿಧಿ ಪ್ರಕಾರ, ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸೋಕೆ ಸದುದ್ದೇಶದಿಂದ ಕಾಡುಪ್ರಾಣಿಯನ್ನ ಕೊಂದರೆ, ಗಾಯ ಮಾಡಿದರೆ, ಅಪರಾಧ ಅಲ್ಲ. ಆದರೆ ಆ ಹೊತ್ತಲ್ಲಿ ನೀವು ಆ ಕಾಯ್ದೆಗೆ ವಿರುದ್ಧವಾದ ಕೆಲಸ ಮಾಡುತ್ತಿರಬಾರದು. ಸತ್ತ ಪ್ರಾಣಿ ಸರ್ಕಾರದ ಆಸ್ತಿ. ಕನಕಪುರದ ಕಡೆ ಕಾವೇರಿ ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಕೋವಿ ತಗೊಂಡು ಕಾಲಿಟ್ಟರೇ ತಪ್ಪು. ನಮ್ಮ ಆಫೀಸಿನಲ್ಲಿ ಒಬ್ಬ ಕೊಡವ ಗೆಳೆಯ ಇದ್ದಾನೆ, ಅವರಿಗೆ ಲೈಸೆನ್ಸಿನ ರಗಳೆಯೇ ಇಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ, ಅದು 2029ರವರೆಗೆ ಇದೆ. "ನಿಮ್ಮಲ್ಲಿ ಕರಡಿ ಬಂದ್ರೆ ಹೊಡೀತೀರಾ?" ಅಂತ ಕೇಳಿದೆ. "ಹುತ್ತರಿಗೆ ಆಕಾಶಕ್ಕೆ ಹೊಡೀತೀವಪ್ಪ, ಕರಡಿಗೆ ಹೊಡೆದು ಜೈಲಿಗೆ ಯಾರು ಹೋಗ್ತಾರೆ" ಅಂದ. ವಿನಾಯಿತಿ ಇರೋದು ಲೈಸೆನ್ಸಿಗೆ, ಬೇಟೆಗಲ್ಲ.

2024ರ ಲೋಕಸಭೆ ಚುನಾವಣೆಗೆ ಕೋವಿ ಮತ್ತೆ ಠಾಣೆಗೆ ಹೋಯ್ತು. ಅದು ಅಲ್ಲಿರುವಾಗಲೇ ಲೈಸೆನ್ಸಿನ ಅವಧಿ ಮುಗೀತು. ರಿನ್ಯೂವಲ್ಲಿಗೆ ಆರೋಗ್ಯದ ಸರ್ಟಿಫಿಕೇಟು ಬೇಕು, ಚಿಕ್ಕಪ್ಪನಿಗೆ ಒಂದೇ ಕಣ್ಣು. ಅದಕ್ಕೇ ನನ್ನ ಹಿಂದೆ ಬಿದ್ದಿರೋದು. ನೀನು ಹೊಸ ಲೈಸೆನ್ಸ್ ಮಾಡಿಸ್ಕೊ, ಪಹಣಿ ನಿಮ್ಮಪ್ಪನ ಹೆಸರಲ್ಲೂ ಐತೆ, ಕೋವಿ ನಿನಗೆ ಬರೆದುಕೊಡ್ತೀನಿ. ನಾನು ವಾರದಲ್ಲಿ ಐದು ದಿನ ಬೆಂಗಳೂರಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟೋನು. ನನ್ನ ಹೆಸರಿನ ಕೋವಿ ಊರಲ್ಲಿದ್ದರೆ ಅದನ್ನ ಅವರು ಮುಟ್ಟೋ ಹಾಗೂ ಇಲ್ಲ. ಇದು ಅವರಿಗೂ ಗೊತ್ತು. "ಮನೇಲಿರ್ಲಿ ಅಂತ ಕಣ್ಲಾ" ಅಂತಾರೆ.

"ಮನೇಲಿರ್ಲಿ" ಅನ್ನೋದು ನನಗೆ ಅರ್ಥ ಆಗುತ್ತೆ. ಅದಕ್ಕೇ ಎರಡು ವರ್ಷ ಇಲ್ಲ ಅನ್ನೋಕೆ ಆಗಲಿಲ್ಲ. ಅವರಿಗೆ ಕತ್ತಲಲ್ಲಿ ತೋಟಕ್ಕೆ ಹೋಗೋಕೆ ಈಗಲೂ ಭಯ. ಅದನ್ನ ಭಯ ಅಂತ ಹೇಳಿಕೊಳ್ಳೋಕೆ ಬರಲ್ಲ, ಕೋವಿ ಅಂತ ಹೇಳ್ತಾರೆ.

ಶನಿವಾರ ರಾತ್ರಿ ಕೊನೆಗೂ ಹೇಳಿಬಿಟ್ಟೆ. "ಇಲ್ಲ ಚಿಕ್ಕಪ್ಪ, ನಾನು ಮಾಡಿಸಲ್ಲ." ಸ್ಟಾಪ್‌ವಾಚು, ಅಲಾಸ್ಕಾ, ಸೆಕ್ಷನ್ನು ಏನೂ ಹೇಳಲಿಲ್ಲ. ತಾತ ಆ ಕುರಿ ಹುಡುಗನ ಮನೆಗೆ ರಾಗಿ ಕಳಿಸುತ್ತಿದ್ದ ವಿಷಯ ಗೊತ್ತಾ ಅಂತ ಕೇಳಿದೆ ಅಷ್ಟೆ. ಬಹಳ ಹೊತ್ತು ಸುಮ್ಮನಿದ್ದರು. "ಗಾಡಿ ಹೊಡ್ಕಂಡು ಹೋಗ್ತಿದ್ದೋನು ನಾನೇಯ" ಅಂದು ಎದ್ದು ಒಳಗೆ ಹೋದರು.

ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವರೇ ಬಂದು ಎಬ್ಬಿಸಿದರು. "ಏಳ್ಲಾ, ಸೊಪ್ಪಿಗೆ ಹೋಗಾನ." ಈಗ ಹೊರಡೋದು ಆರೂವರೆ ಮೇಲೆ, ಬದು ಕಾಣೋಷ್ಟು ಬೆಳಕಾದ ಮೇಲೆ. ಒಬ್ಬರೇ ಹೋಗೋದು ಬಿಟ್ಟಿದ್ದಾರೆ. ಹಲಸಿನ ಮರದ ಕಾಯಿಯನ್ನ ಬಲಿಯೋಕೆ ಬಿಡದೆ ಇಳಿಸಿಬಿಡ್ತಾರೆ. ಟಾರ್ಚು ಇದೆ. ಇನ್ನೊಂದು, ಡಿಗ್ರಿ ಓದ್ತಿರೋ ನನ್ನ ತಂಗಿ, ಅಂದರೆ ಚಿಕ್ಕಪ್ಪನ ಮಗಳು, ಅವರ ಹುಟ್ಟುಹಬ್ಬಕ್ಕೆ ಒಂದು ಬ್ಲೂಟೂತ್ ಸ್ಪೀಕರ್ ಕೊಡಿಸಿದ್ದಾಳೆ. ಅದನ್ನ ಸೊಪ್ಪಿನ ಚೀಲಕ್ಕೆ ಕಟ್ಟಿ ರಾಜ್‌ಕುಮಾರ್ ಹಾಡು ಹಾಕಿಕೊಂಡು ಹೋಗೋದು. (ಕೋವಿ ಲೈಸೆನ್ಸು ಅವಳ ಹೆಸರಿಗೆ ಮಾಡಿಸಬಹುದು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿಲ್ಲ. ನನಗೂ ಹೊಳೆದಿದ್ದು ಇದನ್ನ ಬರೆಯುವಾಗ. ಅವಳು ಓದಿ ಬೈತಾಳೆ.)

ತೋಟದ ಕೊನೆ ಬಂದ ಹಾಗೆ ಚಿಕ್ಕಪ್ಪ ಹಾಡಿನ ಸೌಂಡು ಜೋರು ಮಾಡಿ, ಗುಡ್ಡದ ಕಡೆ ತಿರುಗಿ ಕೂಗಿದರು.

"ಏಯ್ ಕರಡಪ್ಪಾ... ಬತ್ತಾ ಇದೀವಿ ಕಣೋ!"

ಗ್ಲೇಸಿಯರಿನ "ಹೇ ಬೇರ್" ಕಥೆ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಅಜ್ಜಿ ಹೇಳಿಕೊಟ್ಟಿದ್ದಂತೆ. ಹಿಂದೆ ಸೌದೆಗೆ ಹೋಗೋ ಹೆಂಗಸರೆಲ್ಲ ಹೀಗೇ ಕೂಗಿಕೊಂಡು ಹೋಗುತ್ತಿದ್ದರಂತೆ.

ಎರಡು ಚೀಲ ಸೊಪ್ಪು ಕೊಯ್ದೆವು. ನಾನು ಅರ್ಧ ಚೀಲ, ಅವರು ಒಂದೂವರೆ. ವಾಪಸ್ ಬರುವಾಗ ದಾರಿಯಲ್ಲಿ ಚಿಕ್ಕಪ್ಪನೇ ಮಾತು ತೆಗೆದರು.

"ಹಂಗಾರೆ ಸರ್ಕಾರಕ್ಕೇ ಬುಟ್ಬುಡಾನ ಅಂತೀಯ."

"ಹೂಂ ಚಿಕ್ಕಪ್ಪ."

ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ ಅಂದರು, "ಮುಂದಿನ್ ವಾರ ರಜಾ ಹಾಕ್ಕಂಡ್ ಬಾ. ಠಾಣೆಗೆ ಹೋಗಾನ. ಬರ್ಕೊಡೋಕೆ ಮುಂಚೆ ಒಸಿ ಎಣ್ಣೆ ಹಾಕಿ ಒರೆಸ್ಬೇಕು ಅಂತ ಕೇಳು ಅವರ್ನ. ತುಕ್ಕು ಹಿಡ್ದಿದ್ನ ಕೊಟ್ರೆ ನಮ್ಮಪ್ಪ ಬೈತಾನೆ."

ಗುರುವಾರ ರಜೆ ಹಾಕಿದ್ದೀನಿ. ಮ್ಯಾನೇಜರಿಗೆ ಕಾರಣ ಏನು ಬರೆಯೋದು ಅಂತ ಇನ್ನೂ ಯೋಚಿಸ್ತಿದ್ದೀನಿ.